ಎರಡು ಗ್ರಾಫಿಕ್ಸ್ ಕಾರ್ಡಿಗೆ ಎಂಥ ಕ್ಯಾಬಿನೆಟ್?

ಪ್ರಶ್ನೆ: ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ರೆಂಡರಿಂಗ್ (ಮಾದರಿಯಿಂದ ಅಂತಿಮ ಚಿತ್ರ ಮೂಡಿಸುವ) ಕೆಲಸಕ್ಕೆಂದು ಎರಡನೇ ಆರ್‌ಟಿಎಕ್ಸ್ 3090 ಕಾರ್ಡ್ ಹಾಕಿಸಿದೆ. ಈಗ ಮೇಲಿನ ಕಾರ್ಡ್ ಹತ್ತೇ ನಿಮಿಷದಲ್ಲಿ 84 ಡಿಗ್ರಿ ಮುಟ್ಟಿ ನಿಧಾನವಾಗುತ್ತದೆ. ಕೆಳಗಿನದು 70ರಲ್ಲೇ ಇರುತ್ತದೆ. ಕಂಪ್ಯೂಟರ್ ಕ್ಯಾಬಿನೆಟ್ಟಿನ ಮುಂಭಾಗ ಪೂರ್ತಿ ಗಾಜು. ಯಾವುದನ್ನು ಕೊಳ್ಳಲಿ?
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ದುಡ್ಡು ಬಿಚ್ಚುವ ಮೊದಲು ಪಕ್ಕದ ಬಾಗಿಲು ತೆಗೆದಿಟ್ಟು ಅದೇ ಫೈಲನ್ನು 20 ನಿಮಿಷ ರೆಂಡರ್ ಮಾಡಿ. ಮೇಲಿನ ಕಾರ್ಡ್ ಎಂಟು–ಹತ್ತು ಡಿಗ್ರಿ ಇಳಿದರೆ ತಪ್ಪು ಕ್ಯಾಬಿನೆಟ್ಟಿನದು. ಎರಡು–ಮೂರು ಡಿಗ್ರಿ ಮಾತ್ರ ಇಳಿದರೆ ಕಾರ್ಡುಗಳ ನಡುವೆ ಸಂದಿಲ್ಲ ಎಂದರ್ಥ. ಆಗ ಎಷ್ಟು ಬೆಲೆಯ ಕ್ಯಾಬಿನೆಟ್ ತಂದರೂ ಪಾಡು ಅಷ್ಟೇ.

ಸಂದಿನ ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಕಾರ್ಡ್ ಕೂರುವ ಒಂದು ಸ್ಥಾನವೇ ಸ್ಲಾಟ್, ಅದರ ಅಳತೆ 20.32 ಮಿ.ಮೀ. 3090 ಕಾರ್ಡುಗಳು ಸಾಮಾನ್ಯವಾಗಿ ಮೂರು ಸ್ಲಾಟ್ ದಪ್ಪ. ಮದರ್‌ಬೋರ್ಡಿನ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸುವ ಎರಡು ಉದ್ದ ಸ್ಲಾಟುಗಳ ನಡುವಿನ ಅಂತರ ಮೂರೇ ಸ್ಲಾಟ್ ಇದ್ದರೆ ಮೇಲಿನ ಕಾರ್ಡಿನ ಫ್ಯಾನು ಕೆಳಗಿನದರ ಬೆನ್ನಿಗೆ ಒತ್ತಿಕೊಳ್ಳುತ್ತದೆ. ಆ ಬೆನ್ನೂ ತಣ್ಣಗಿರುವುದಲ್ಲ: 3090ರ 24 ಮೆಮೊರಿ ಚಿಪ್‌ಗಳಲ್ಲಿ 12 ಇರುವುದು ಹಿಂಬದಿಯಲ್ಲೇ. ಮಂಡಕ್ಕಿ ಭಟ್ಟಿಯ ಮೇಲೆ ಕೂತು ಗಾಳಿ ಹಾಕಿಕೊಂಡ ಹಾಗೆ! ನಾಲ್ಕು ಸ್ಲಾಟ್ ಅಂತರವಿದ್ದರೆ 20 ಮಿ.ಮೀ. ಸಂದು ಸಿಗುತ್ತದೆ, ಅಷ್ಟು ಸಾಕು. ಆದರೆ ಎಣಿಸಿ ನೋಡಿ. ಮೊದಲ ಉದ್ದ ಸ್ಲಾಟ್ ಎರಡನೇ ಸ್ಥಾನದಲ್ಲಿರುವ ಬೋರ್ಡುಗಳೇ ಹೆಚ್ಚು. ಆಗ ಕೆಳಗಿನ ಕಾರ್ಡ್ 6, 7, 8ನೇ ಸ್ಥಾನ ಹಿಡಿಯುತ್ತದೆ. ಹಿಂಬದಿಯಲ್ಲಿ ಸ್ಥಾನಕ್ಕೊಂದರಂತೆ ಏಳೇ ಕಿಂಡಿಯಿರುವ ಕ್ಯಾಬಿನೆಟ್ಟಿಗೆ ಅದು ಕೂರುವುದಿಲ್ಲ.

ಇನ್ನು ಗಾಳಿಯ ಲೆಕ್ಕ. ಕಾರ್ಡಿಗೆ 350 ವ್ಯಾಟ್‌ನಂತೆ ಎರಡಕ್ಕೆ 700, ಪ್ರೊಸೆಸರಿಗೆ 150 ಹಿಡಿದರೆ 850 ವ್ಯಾಟ್. ನಿಮಿಷಕ್ಕೆ 100 ಘನ ಅಡಿ ಗಾಳಿ ಹಾದುಹೋದರೆ ಅದು ಸುಮಾರು 15 ಡಿಗ್ರಿ ಬಿಸಿಯಾಗಿ ಹೊರಬೀಳುತ್ತದೆ, 150 ಘನ ಅಡಿಗೆ 10 ಡಿಗ್ರಿ. ಏಪ್ರಿಲ್‌ನಲ್ಲಿ ನಿಮ್ಮ ಕೋಣೆಯೇ 36 ಡಿಗ್ರಿ ಇದ್ದರೆ ಈ ಐದು ಡಿಗ್ರಿ ಸಣ್ಣದಲ್ಲ. ಹಾಗಾಗಿ ಮುಂಭಾಗ ಪೂರ್ತಿ ಜಾಲರಿ ಇರುವುದನ್ನೇ ಆರಿಸಿ. ಮುಂದೆ 140 ಮಿ.ಮೀ.ನ ಮೂರು ಫ್ಯಾನು ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ತಳದಿಂದಲೂ ಗಾಳಿ ಎಳೆಯುವಂತಿದ್ದರೆ ಇನ್ನೂ ಮೇಲು. ಫ್ರ್ಯಾಕ್ಟಲ್ ಡಿಸೈನ್ ಟಾರೆಂಟ್‌ನಲ್ಲಿ ಮುಂದೆ 180 ಮಿ.ಮೀ.ನ ಎರಡು, ತಳದಲ್ಲಿ 140ರ ಮೂರು ಫ್ಯಾನುಗಳಿವೆ. ಹಿಂಬದಿಯ ಕಿಂಡಿ ಮಾತ್ರ ಏಳೇ. ಮೇಲ್ಭಾಗದಲ್ಲಿ ಫ್ಯಾನು ಹಾಕುವುದಾದರೆ ಹಿಂಬದಿಗೆ ಒಂದು ಸಾಕು. ಮುಂಬದಿಗೆ ಹಾಕಿದರೆ ಆಗಷ್ಟೇ ಒಳಬಂದ ತಣ್ಣನೆ ಗಾಳಿಯನ್ನು ಅದೇ ಹೊರಗೆ ತಳ್ಳಿಬಿಡುತ್ತದೆ. ಕಾರ್ಡಿನ ಉದ್ದ ಅಳೆಯುವಾಗ ಮುಂದಿನ ಫ್ಯಾನಿನ 25 ಮಿ.ಮೀ. ಸೇರಿಸಿಕೊಳ್ಳಿ. ಬಣ್ಣದ ದೀಪಕ್ಕೆ ದುಡ್ಡು ಕೊಡಬೇಡಿ.

ಖರ್ಚಿಲ್ಲದ ಉಪಾಯವೂ ಒಂದಿದೆ: ಎರಡೂ ಕಾರ್ಡುಗಳ ಪವರ್ ಲಿಮಿಟ್ಟನ್ನು (ಕಾರ್ಡ್ ಎಳೆಯಬಹುದಾದ ವಿದ್ಯುತ್ತಿನ ಮಿತಿಯನ್ನು) 350ರಿಂದ 280 ವ್ಯಾಟಿಗೆ ಇಳಿಸಿ. ಕೆಲಸದ ವೇಗ ತಗ್ಗುವುದು ಅಲ್ಪ, ಬಿಸಿ ತಗ್ಗುವುದು 140 ವ್ಯಾಟ್.

ಪ್ರಶ್ನೆ: ಕ್ಯಾಬಿನೆಟ್ ಫ್ಯಾನು ಗಾಳಿಯನ್ನು ಯಾವ ಕಡೆಗೆ ತಳ್ಳುತ್ತದೆ ಎಂದು ಗೊತ್ತಾಗುವುದು ಹೇಗೆ? ಧೂಳೂ ವಿಪರೀತ.
– ಓದುಗರು, ಚಿತ್ರದುರ್ಗ

ಉತ್ತರ: ಮೋಟಾರನ್ನು ಹಿಡಿದ ಅಡ್ಡ ಕಡ್ಡಿಗಳು ಕಾಣುವ ಕಡೆಯಿಂದ ಗಾಳಿ ಹೊರಡುತ್ತದೆ. ಒಳಬರುವ ಗಾಳಿ ಹೊರಹೋಗುವುದಕ್ಕಿಂತ ತುಸು ಹೆಚ್ಚಿದ್ದರೆ ಧೂಳು ಸಂದುಗೊಂದುಗಳಿಂದ ನುಗ್ಗದೆ ಫಿಲ್ಟರಿನಲ್ಲೇ ಉಳಿಯುತ್ತದೆ. ಊದುಬತ್ತಿ ಹಚ್ಚಿ ಹಿಂಬದಿಯ ಖಾಲಿ ಸ್ಲಾಟಿನ ಕಿಂಡಿಯ ಬಳಿ ಹಿಡಿಯಿರಿ. ಹೊಗೆ ನಿಮ್ಮ ಕಡೆಗೆ ಬಾಗಿದರೆ ಸರಿಯಿದೆ, ಒಳಕ್ಕೆ ಎಳೆದುಕೊಂಡರೆ ಹಿಂದಿನ ಫ್ಯಾನಿನ ವೇಗ ತಗ್ಗಿಸಿ. ಫಿಲ್ಟರನ್ನು 15 ದಿನಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಹಾಕಿ.