ಕಲಬುರಗಿಯಿಂದ ಸಂಸಾರ ಸಮೇತ ಬೆಂಗಳೂರಿಗೆ: ಯಲಹಂಕ ಉಪನಗರವೋ, ಕೆಂಗೇರಿಯೋ, ಸರ್ಜಾಪುರ ರಸ್ತೆಯ ಟೌನ್‌ಶಿಪ್ಪೋ?

ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ ನಮ್ಮ ಮಾವನ ನೆನಪಾಯಿತು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಕಲಬುರಗಿಯಿಂದ ಬೆಂಗಳೂರಿಗೆ ಬರುತ್ತಿದ್ದೀರಿ. ಯಜಮಾನರ ಆಫೀಸು ಮಾರತ್ತಹಳ್ಳಿ ಹತ್ತಿರ, ವಾರಕ್ಕೆ ಎರಡು ದಿನ ಹೋದರೆ ಸಾಕು. ಆರನೇ ಕ್ಲಾಸಿನ ಮಗಳು, ಯುಕೆಜಿ ಮಗ, 68 ವರ್ಷದ ಅತ್ತೆ. ಆಫೀಸಿನವರೆಲ್ಲ ಸರ್ಜಾಪುರ ರಸ್ತೆಯ ದೊಡ್ಡ ಟೌನ್‌ಶಿಪ್‌ಗೆ ಬನ್ನಿ ಅನ್ನುತ್ತಿದ್ದಾರೆ, ನೆಂಟರು ಯಲಹಂಕ ಉಪನಗರ ಇಲ್ಲವೇ ಕೆಂಗೇರಿ ಉಪನಗರ ಅನ್ನುತ್ತಿದ್ದಾರೆ, ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ.

ನಾವು 2016ರಲ್ಲಿ ದಾವಣಗೆರೆಯಿಂದ ಬಂದವರು. ಮೊದಲ ಮೂರು ವರ್ಷ ಸರ್ಜಾಪುರ ರಸ್ತೆಯ ಒಂದು ಟೌನ್‌ಶಿಪ್‌ನಲ್ಲಿದ್ದೆವು. 2019ರಿಂದ ಯಲಹಂಕ ಉಪನಗರದಲ್ಲಿದ್ದೇವೆ. ನನ್ನ ತಮ್ಮನ ಸಂಸಾರ ಕೆಂಗೇರಿ ಉಪನಗರದಲ್ಲಿದೆ, ತಿಂಗಳಿಗೊಮ್ಮೆಯಾದರೂ ಹೋಗಿ ಬರುತ್ತೇನೆ. ಹಾಗಾಗಿ ಮೂರೂ ಕಡೆಯ ನೀರು ಕುಡಿದು ಹೇಳುತ್ತಿದ್ದೇನೆ ಅಂದುಕೊಳ್ಳಿ.

ನನ್ನ ಮಾತು ಇಷ್ಟೇ. ಆಫೀಸಿಗೆ ಹೋಗುವವರನ್ನು ಲೆಕ್ಕಕ್ಕಿಟ್ಟು ಜಾಗ ಹುಡುಕಬೇಡಿ. ಬೆಳಗ್ಗೆಯಿಂದ ರಾತ್ರಿವರೆಗೆ ಅಲ್ಲೇ ಇರುವವರು ಯಾರೋ ಅವರನ್ನು ಲೆಕ್ಕಕ್ಕಿಡಿ. ನಿಮ್ಮ ಮನೆಯಲ್ಲಿ ಅದು ಅತ್ತೆ ಮತ್ತು ಮಕ್ಕಳು. ನಾವು ಈ ತಪ್ಪು ಮಾಡಿದ್ದೆವು.

ಟೌನ್‌ಶಿಪ್ ನೋಡಲು ಬಹಳ ಚೆನ್ನಾಗಿತ್ತು. ಹುಲ್ಲುಹಾಸು, ಈಜುಕೊಳ, ಕ್ಲಬ್ ಹೌಸ್, ಗೇಟಿನಲ್ಲಿ ಸೆಕ್ಯುರಿಟಿ. ಮಕ್ಕಳಿಗೆ ಸಂಜೆ ಆಡಲು ಜೊತೆಗಾರರು ಬೇಕಾದಷ್ಟು. ಒಳಗೆ ಗಾಡಿಗಳ ಭಯ ಇರಲಿಲ್ಲ. ಇದು ದೊಡ್ಡ ಅನುಕೂಲವೇ, ಇಲ್ಲ ಅನ್ನಲ್ಲ. ಆದರೆ ನಮ್ಮ ಮಾವ ದಾವಣಗೆರೆಯಲ್ಲಿ ದಿನಾ ಬೆಳಗ್ಗೆ ಆರಕ್ಕೆ ಕೈಚೀಲ ಹಿಡಿದು ಹೊರಡುತ್ತಿದ್ದವರು. ಹಾಲು, ಪೇಪರು, ಸೊಪ್ಪು, ದಾರಿಯಲ್ಲಿ ಇಬ್ಬರ ಜೊತೆ ಮಾತು. ಇಲ್ಲಿ ಗೇಟು ದಾಟಿದರೆ ಫುಟ್‌ಪಾತ್ ಇರಲಿಲ್ಲ. ನೀರಿನ ಟ್ಯಾಂಕರು, ಕಾಂಕ್ರೀಟ್ ಲಾರಿ ಮೈಮೇಲೆ ಬರುವ ಹಾಗೆ ಓಡಾಡುತ್ತಿದ್ದವು. ಹಾಲು, ತರಕಾರಿ ಎಲ್ಲ ಆ್ಯಪಿನಲ್ಲಿ ಬಾಗಿಲಿಗೇ ಬರುತ್ತಿತ್ತು. ಎರಡು ತಿಂಗಳಾಗುವಷ್ಟರಲ್ಲಿ ಮಾವ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂರಲು ಶುರು ಮಾಡಿದರು. ಸೆಕ್ಯುರಿಟಿ ಹುಡುಗ ಒಡಿಶಾದವನು. ಅವನಿಗೆ ಕನ್ನಡ ಬರದು, ಇವರಿಗೆ ಹಿಂದಿ ಬರದು. ಇಬ್ಬರೂ ಸುಮ್ನೆ ಕೂತು ಒಳಗೆ ಬರುವ ಕಾರು ನೋಡುತ್ತಿದ್ದರು. ಒಂದು ದಿನ ಮಾವ, "ಇಲ್ಲಿ ನನ್ನ ಕಾಲಿಗೆ ಕೆಲಸವೇ ಇಲ್ಲಮ್ಮ" ಅಂದರು. ನನಗೆ ಊಟ ಇಳಿಯಲಿಲ್ಲ.

ನೀರಿನ ವಿಷಯ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಬಾಡಿಗೆ ಮಾತಾಡುವಾಗ ಇದನ್ನು ಯಾರೂ ಹೇಳಲ್ಲ. ನಮ್ಮಲ್ಲಿ ಬೋರ್‌ವೆಲ್ ಬತ್ತಿತ್ತು, ಎಲ್ಲ ಟ್ಯಾಂಕರೇ. ಬೇಸಿಗೆಯಲ್ಲಿ ರಾತ್ರಿ ಎರಡಕ್ಕೆ ಟ್ಯಾಂಕರ್ ಬಂದು ನೆಲದಡಿಯ ತೊಟ್ಟಿಗೆ ನೀರು ಬಿಡುವ ಸದ್ದಿಗೆ ಮಗು ಏಳುತ್ತಿತ್ತು. ಗಡಸು ನೀರು. ನಲ್ಲಿಯ ಸುತ್ತ ಬಿಳಿ ಪೊರೆ ಕಟ್ಟುತ್ತಿತ್ತು, ಬೇಳೆ ಬೇಯುತ್ತಿರಲಿಲ್ಲ. ನಾವು ಬಿಟ್ಟು ಬಂದ ಮೇಲೆ, 2024ರ ಮಾರ್ಚಿನಲ್ಲಿ ಬರ ಎಷ್ಟು ಜೋರಾಯಿತೆಂದರೆ ಜಿಲ್ಲಾಡಳಿತವೇ ಟ್ಯಾಂಕರ್ ದರ ಕಟ್ಟಬೇಕಾಯಿತು. 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ನೀರು ಕೊಡುವ ಯೋಜನೆ ಅದು. ಆದರೆ ರಸ್ತೆಗೆ ಪೈಪು ಬಂದರೆ ಸಾಲದು. ಅಪಾರ್ಟ್‌ಮೆಂಟಿನವರು ಹಣ ಕಟ್ಟಿ ಕನೆಕ್ಷನ್ ತೆಗೆದುಕೊಂಡಿರಬೇಕು, ನೀರು ಸಾಲುವಷ್ಟು ಬರಬೇಕು. "ಕಾವೇರಿ ಇದೆ" ಅಂದರೆ ನಂಬಿಬಿಡಬೇಡಿ. ಹೋದ ವರ್ಷದ ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳ ಟ್ಯಾಂಕರ್ ಬಿಲ್ ತೋರಿಸಿ ಅನ್ನಿ. ತೋರಿಸಲು ಹಿಂದೆಮುಂದೆ ನೋಡಿದರೆ ನಿಮಗೆ ಉತ್ತರ ಸಿಕ್ಕಿದ ಹಾಗೆ.

ಬರ ಒಂದು ಕಡೆ, ಮಳೆ ಇನ್ನೊಂದು ಕಡೆ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಬೆಳ್ಳಂದೂರು ಕಡೆಯ ವಿಲ್ಲಾ ಲೇಔಟುಗಳಿಂದ ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಹೊರಗೆ ತಂದಿದ್ದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಯಾವ ಕಡೆ ಮನೆ ನೋಡಿದರೂ ಹತ್ತಿರದ ಕೆರೆ ಎಲ್ಲಿದೆ, ರಾಜಕಾಲುವೆ ಎಲ್ಲಿ ಹರಿಯುತ್ತದೆ ಅಂತ ಮೊದಲು ಕೇಳಿ. ಅಲ್ಲಿನ ಕಿರಾಣಿ ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ.

ಈಗ ಯಲಹಂಕ ಉಪನಗರಕ್ಕೆ ಬರೋಣ. ಇದು ಕರ್ನಾಟಕ ಗೃಹಮಂಡಳಿ ಕಟ್ಟಿದ ಊರು. ವಿಳಾಸದಲ್ಲೇ ಅದು ಗೊತ್ತಾಗುತ್ತದೆ, 'ಎ' ಸೆಕ್ಟರ್, 'ಬಿ' ಸೆಕ್ಟರ್, ಎಲ್‌ಐಜಿ, ಎಂಐಜಿ, ಎಚ್‌ಐಜಿ ಅಂತ ಇರುತ್ತದೆ. ಕಡಿಮೆ ಆದಾಯದವರಿಗೆ, ಮಧ್ಯಮ ಆದಾಯದವರಿಗೆ, ಹೆಚ್ಚು ಆದಾಯದವರಿಗೆ ಬೇರೆ ಬೇರೆ ಅಳತೆಯ ಮನೆಗಳನ್ನು ಒಂದೇ ಊರಿನಲ್ಲಿ ಕಟ್ಟಿದರು. ನನಗೆ ಈ ಜಾಗದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಟೈಲರ್, ಪ್ಲಂಬರ್, ರಿಟೈರ್ಡ್ ಮೇಷ್ಟ್ರು, ರೈಲು ಗಾಲಿ ಕಾರ್ಖಾನೆಯಲ್ಲಿ ದುಡಿದವರು, ಸಾಫ್ಟ್‌ವೇರಿನವರು ಎಲ್ಲ ಕಾಲ್ನಡಿಗೆಯ ದೂರದಲ್ಲೇ ಇದ್ದಾರೆ. ಮಿಕ್ಸಿ ಕೆಟ್ಟರೆ ರಿಪೇರಿಯವನು ಪಕ್ಕದ ರಸ್ತೆಯವನು. ಟೌನ್‌ಶಿಪ್‌ನಲ್ಲಿ ಅದೇ ಮನುಷ್ಯ ಗೇಟಿನಲ್ಲಿ ಹೆಸರು ಬರೆದು, ಫೋಟೋ ತೆಗೆಸಿಕೊಂಡು, ಅರ್ಧ ಗಂಟೆ ಕಾದು ಬರಬೇಕಿತ್ತು.

ಇಲ್ಲಿಗೆ ಬಂದ ಮಾರನೇ ದಿನ ಮಾವ ಬೆಳಗ್ಗೆ ಕಾಣಲಿಲ್ಲ. ನನಗೆ ಗಾಬರಿಯಾಯಿತು. ಏಳೂವರೆಗೆ ಬಂದರು. ಕೈಚೀಲದಲ್ಲಿ ಎರಡು ಪ್ಯಾಕೆಟ್ ನಂದಿನಿ ಹಾಲು, ಒಂದು ಕಟ್ಟು ದಂಟಿನ ಸೊಪ್ಪು, ಮೇಲೆ ಒಂದು ಮೊಳ ಸೇವಂತಿಗೆ. "ಸೊಪ್ಪಿನಮ್ಮ ಚಿಕ್ಕಬಳ್ಳಾಪುರ ಕಡೆಯವಳಂತೆ" ಅಂತ ವರದಿ ಒಪ್ಪಿಸಿದರು. ಮಾವ ಈಗಿಲ್ಲ. ಆ ಕೈಚೀಲ ಇನ್ನೂ ಬಾಗಿಲ ಹಿಂದೆ ನೇತಾಡುತ್ತಿದೆ, ಈಗ ಹಾಲಿಗೆ ನನ್ನ ಮಗ ಹೋಗುತ್ತಾನೆ.

ನಿಮ್ಮ ಅತ್ತೆಯವರ ರೊಟ್ಟಿಯ ವಿಷಯ ನೀವು ಬರೆದಿಲ್ಲ, ಆದರೂ ನಾನೇ ಕೇಳುತ್ತೇನೆ. ಹಳೆಯ ಜೋಳದ ಹಿಟ್ಟು ಜಿಗಿ ಕಳೆದುಕೊಂಡಿರುತ್ತದೆ, ತಟ್ಟುವಾಗ ಅಂಚು ಸೀಳುತ್ತದೆ. ಪ್ಯಾಕೆಟ್ ಹಿಟ್ಟಿನಲ್ಲಿ ಅವರಿಗೆ ಸಮಾಧಾನ ಆಗುತ್ತದಾ? ಇಲ್ಲಿ ಜೋಳ ಒಯ್ದು ಕೊಟ್ಟರೆ ಕಣ್ಣೆದುರೇ ಬೀಸಿಕೊಡುವ ಗಿರಣಿ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಸಣ್ಣ ವಿಷಯ ಅನಿಸಬಹುದು. ಊರು ಬಿಟ್ಟು ಬಂದ ಹಿರಿಯರಿಗೆ ದಿನಾ ಮಾಡುವ ಒಂದು ಕೆಲಸ ಮೊದಲಿನ ಹಾಗೇ ನಡೆದರೆ ಅದೇ ದೊಡ್ಡ ಆಸರೆ.

ಕಲಬುರಗಿಯವರಿಗೆ ಯಲಹಂಕ ಇನ್ನೊಂದು ಕಾರಣಕ್ಕೂ ಅನುಕೂಲ. ನಿಮ್ಮೂರ ರೈಲು ಬೆಂಗಳೂರಿಗೆ ಬರುವುದೇ ಈ ದಾರಿಯಲ್ಲಿ. ಉದ್ಯಾನ್ ಎಕ್ಸ್‌ಪ್ರೆಸ್ ಇಲ್ಲಿ ನಿಲ್ಲುತ್ತದೆ. 2024ರ ಮಾರ್ಚಿನಲ್ಲಿ ಶುರುವಾದ ಕಲಬುರಗಿ ವಂದೇ ಭಾರತ್ ಕೂಡ ನಿಲ್ಲುತ್ತದೆ. ಅತ್ತೆಯವರು ಹಬ್ಬಕ್ಕೆ, ಮದುವೆಗೆ ಊರಿಗೆ ಹೋಗಬೇಕೆಂದರೆ ಮೆಜೆಸ್ಟಿಕ್ಕಿಗೆ ಲಗೇಜು ಹೊತ್ತು ಹೋಗುವ ತಾಪತ್ರಯ ಇಲ್ಲ. ಸರ್ಜಾಪುರ ರಸ್ತೆಯಿಂದಾದರೆ ಸ್ಟೇಷನ್ ಮುಟ್ಟುವುದೇ ಒಂದು ಪ್ರಯಾಣ.

ಇಲ್ಲಿಯ ಕಷ್ಟಗಳನ್ನೂ ಹೇಳಿಬಿಡುತ್ತೇನೆ. ಉಪನಗರಕ್ಕೆ ಮೆಟ್ರೊ ಇಲ್ಲ. ಏರ್‌ಪೋರ್ಟ್ ಮೆಟ್ರೊ ಬಂದರೂ ಅದು ಬಳ್ಳಾರಿ ರಸ್ತೆಯ ಮೇಲೆ ಹೋಗುತ್ತದೆ, ಅಲ್ಲಿಗೆ ಆಟೋ ಹಿಡಿಯಬೇಕು. ನಿಮ್ಮ ಯಜಮಾನರು ಹೆಬ್ಬಾಳ ದಾಟಿ ರಿಂಗ್ ರೋಡಿನಲ್ಲಿ ಮಾರತ್ತಹಳ್ಳಿ ಮುಟ್ಟಲು ಆಫೀಸ್ ಹೊತ್ತಿನಲ್ಲಿ ಒಂದೂವರೆ ಗಂಟೆ ಇಟ್ಟುಕೊಳ್ಳಬೇಕು. ಕೆರೆ ಕೆಳಗಿನ ತಗ್ಗು ಜಾಗಗಳು ಇಲ್ಲೂ ಇವೆ. 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಕರೆತಂದರು. ಉಪನಗರದ ಬದಿಯಲ್ಲೇ 370 ಮೆಗಾವ್ಯಾಟಿನ ಅನಿಲ ವಿದ್ಯುತ್ ಸ್ಥಾವರ ಇದೆ. ಮನೆ ಅದಕ್ಕೆ ತೀರಾ ಹತ್ತಿರ ಬೇಡ ಅನ್ನುವುದು ನನ್ನ ಅಭಿಪ್ರಾಯ. ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಇಲ್ಲಿಯ ವಾಯುನೆಲೆಯಲ್ಲಿ ವೈಮಾನಿಕ ಪ್ರದರ್ಶನ. ವಿಮಾನಗಳ ಸದ್ದಿಗೆ ಕಿಟಕಿ ಗಾಜು ನಡುಗುತ್ತದೆ. ಹಕ್ಕಿಗಳು ವಿಮಾನಕ್ಕೆ ಅಡ್ಡ ಬರಬಾರದು ಅಂತ ಮಾಂಸ ಮಾರಾಟವನ್ನೂ ನಿಲ್ಲಿಸುತ್ತಾರೆ. 2025ರಲ್ಲಿ ವಾಯುನೆಲೆಯಿಂದ 13 ಕಿಲೋಮೀಟರ್ ಸುತ್ತ ಮೂರು ವಾರಕ್ಕೂ ಜಾಸ್ತಿ ಅಂಗಡಿ ಮುಚ್ಚಿಸಿದ್ದರು. ಮಕ್ಕಳಿಗೆ ಮಾತ್ರ ಆ ವಾರ ತಾರಸಿಯ ಮೇಲೆ ಜಾತ್ರೆ.

ಮಗನನ್ನು ಇಲ್ಲಿಯ ಪುಟ್ಟೇನಹಳ್ಳಿ ಕೆರೆಗೆ ಕರೆದುಕೊಂಡು ಹೋಗಿ, ಹಕ್ಕಿಗಳಿಗಾಗಿಯೇ ಕಾಪಾಡಿರುವ ಕೆರೆ ಅದು. ಮ್ಯಾಪಿನಲ್ಲಿ ಹುಡುಕುವಾಗ ಹುಷಾರು, ಜೆ.ಪಿ. ನಗರದ ಕಡೆಯೂ ಇದೇ ಹೆಸರಿನ ಕೆರೆ ಇದೆ.

ಕೆಂಗೇರಿ ಉಪನಗರವೂ ಇದೇ ಸ್ವಭಾವದ ಜಾಗ. ನೇರ ರಸ್ತೆಗಳು, ಪಾರ್ಕು, ಬೀದಿ ಬದಿ ಮರ, ನಡೆದು ಹೋಗುವಷ್ಟು ಹತ್ತಿರದಲ್ಲಿ ಅಂಗಡಿ, ದೇವಸ್ಥಾನ. ಅದರ ದೊಡ್ಡ ಬಲ ನೇರಳೆ ಮೆಟ್ರೊ. 2021ರ ಆಗಸ್ಟಿನಲ್ಲಿ ಕೆಂಗೇರಿಗೆ ಬಂತು. 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ರೈಲು. ನಿಮ್ಮ ಯಜಮಾನರ ಆಫೀಸು ವೈಟ್‌ಫೀಲ್ಡ್‌ನಲ್ಲಿ ಇದ್ದಿದ್ದರೆ ನಾನು ಕಣ್ಣು ಮುಚ್ಚಿ ಕೆಂಗೇರಿ ಅನ್ನುತ್ತಿದ್ದೆ. ಮಾರತ್ತಹಳ್ಳಿಗಾದರೆ ಕೊನೆಗೆ ಇಳಿದು ಬಸ್ಸು ಹಿಡಿಯಬೇಕು. ಆದರೂ ಮೆಟ್ರೊದಲ್ಲಿ ಕೂತು ಹೋಗುವ ಒಂದು ಗಂಟೆಗೂ ಹೆಬ್ಬಾಳದಲ್ಲಿ ಕ್ಲಚ್ ತುಳಿಯುವ ಒಂದು ಗಂಟೆಗೂ ವ್ಯತ್ಯಾಸ ಇದೆ. 2025ರ ಫೆಬ್ರವರಿಯಲ್ಲಿ ಟಿಕೆಟ್ ದರ ಏರಿಸಿದಾಗ ಜಾಸ್ತಿ ಅಂದರೆ 90 ರೂಪಾಯಿ ಅಂತ ಮಾಡಿದರು. ಕೊರತೆ ಅಂದರೆ ವೃಷಭಾವತಿ. ಮೈಸೂರು ರಸ್ತೆ ಪಕ್ಕದಲ್ಲೇ ಹರಿಯುವ ಆ ನದಿ ಈಗ ಕೊಳಚೆ ನೀರು. ಸಂಜೆ ಗಾಳಿ ತಿರುಗಿದರೆ ವಾಸನೆ ಬರುತ್ತದೆ. ತಮ್ಮನ ಮನೆ ಒಳಗಿರುವುದರಿಂದ ಅವರಿಗೆ ತೊಂದರೆ ಇಲ್ಲ. ಸಂಜೆ ಹೊತ್ತಿನಲ್ಲೇ ಹೋಗಿ ಮನೆ ನೋಡಿ.

ಅಲ್ಲೇ ಹತ್ತಿರದ ಕೆಂಪೇಗೌಡ ಬಡಾವಣೆಯಲ್ಲಿ ಸೈಟು ತೆಗೆದುಕೊಂಡು ಕಟ್ಟಿಸಿ ಅಂತಲೂ ಯಾರಾದರೂ ಹೇಳುತ್ತಾರೆ. 2016ರಲ್ಲಿ ಸೈಟು ಹಂಚಲು ಶುರು ಮಾಡಿದ ಆ ಬಡಾವಣೆಯಲ್ಲಿ ವರ್ಷಗಟ್ಟಲೆ ರಸ್ತೆ, ನೀರಿಗೆ ಜನ ಹೋರಾಡಿದ್ದಾರೆ. ಚಿಕ್ಕ ಮಕ್ಕಳನ್ನು ಇಟ್ಟುಕೊಂಡು ಈಗಲೇ ಆ ಗೋಜಿಗೆ ಹೋಗಬೇಡಿ.

ದುಡ್ಡಿನ ಲೆಕ್ಕ. ಟೌನ್‌ಶಿಪ್‌ನಲ್ಲಿ ಬಾಡಿಗೆಯ ಮೇಲೆ ಮೇಂಟೆನೆನ್ಸ್ ಬೇರೆ. ದೊಡ್ಡ ಸಂಘಗಳಲ್ಲಿ ಅದು ತಿಂಗಳಿಗೆ 7,500 ರೂಪಾಯಿ ದಾಟಿದರೆ ಶೇ. 18 ಜಿಎಸ್‌ಟಿ ಕೂಡ ಬೀಳುತ್ತದೆ. ಉಪನಗರದ ಬಿಡಿ ಮನೆಗಳಲ್ಲಿ ಈ ಖರ್ಚಿಲ್ಲ, ಆದರೆ ಕರೆಂಟ್ ಹೋದರೆ ಜನರೇಟರೂ ಇಲ್ಲ, ಯುಪಿಎಸ್ ನೀವೇ ಹಾಕಿಸಿಕೊಳ್ಳಬೇಕು. ಅಡ್ವಾನ್ಸ್ ನಮ್ಮ ಹತ್ತಿರ ಹತ್ತು ತಿಂಗಳ ಬಾಡಿಗೆ ಕೇಳಿದ್ದರು, ಮಾತಾಡಿ ಆರಕ್ಕೆ ಇಳಿಸಿದೆವು. ನೀವೂ ಕೇಳಿ, ಸಂಕೋಚ ಬೇಡ.

ಶಾಲೆಯನ್ನು ಮನೆಗಿಂತ ಮೊದಲು ನೋಡಿ. ಟೌನ್‌ಶಿಪ್‌ನಲ್ಲಿದ್ದಾಗ ನನ್ನ ಮಗಳು ಆರೂಮುಕ್ಕಾಲಿಗೆ ಶಾಲೆ ಬಸ್ಸು ಹತ್ತಿ, ವಾಪಸ್ಸು ಬರುವಾಗ ನಿದ್ದೆ ಮಾಡಿಕೊಂಡೇ ಬರುತ್ತಿದ್ದಳು. ಈಗ ಸೈಕಲ್ಲಿನಲ್ಲಿ ಹತ್ತು ನಿಮಿಷ. ಕಲಬುರಗಿಯಿಂದ ಹೊರಡುವಾಗ ನಿಮ್ಮ ಮಗಳ ಟಿಸಿ ಜೊತೆ ಸ್ಯಾಟ್ಸ್ ನಂಬರನ್ನೂ (ಶಾಲೆ ಮಕ್ಕಳಿಗೆ ಶಿಕ್ಷಣ ಇಲಾಖೆ ಕೊಡುವ ಗುರುತಿನ ನಂಬರು) ಬರೆಸಿಕೊಂಡು ಬನ್ನಿ. ಕಲ್ಯಾಣ ಕರ್ನಾಟಕದವರಿಗೆ ಓದು, ಕೆಲಸದಲ್ಲಿ ಮೀಸಲಾತಿಗೆ ಬೇಕಾಗುವ 371 ಜೆ ಸರ್ಟಿಫಿಕೇಟನ್ನು ಮಕ್ಕಳಿಗೆ ಮಾಡಿಸಿಲ್ಲದಿದ್ದರೆ ಅದನ್ನೂ ಊರಲ್ಲೇ ಮುಗಿಸಿಕೊಳ್ಳಿ, ಇಲ್ಲಿಂದ ಓಡಾಡುವುದು ಕಷ್ಟ.

ನನ್ನನ್ನು ಕೇಳಿದರೆ ಯಲಹಂಕ ಉಪನಗರದಲ್ಲಿ ಹನ್ನೊಂದು ತಿಂಗಳಿಗೆ ಬಾಡಿಗೆ ಹಿಡಿಯಿರಿ. ಯಜಮಾನರು ವಾರದಲ್ಲಿ ಎರಡು ದಿನ ಸುಸ್ತಾಗುತ್ತಾರೆ, ನಿಜ. ಅತ್ತೆ, ಮಕ್ಕಳು ಮೂವರೂ ಏಳೂ ದಿನ ನೆಮ್ಮದಿಯಾಗಿರುತ್ತಾರೆ. ಮುಂದೆ ಆಫೀಸಿನವರು ವಾರಕ್ಕೆ ಐದು ದಿನ ಬನ್ನಿ ಅಂದರೆ, ಅಥವಾ ನಿಮಗೂ ಆ ಕಡೆಯೇ ಕೆಲಸ ಸಿಕ್ಕಿದರೆ, ಆಗ ಸರ್ಜಾಪುರ ರಸ್ತೆಯ ಬಗ್ಗೆ ಮತ್ತೆ ಯೋಚಿಸಿ. ಅಪ್ಪ ಅಮ್ಮ ಇಬ್ಬರೂ ದಿನಕ್ಕೆ ಮೂರು ಗಂಟೆ ದಾರಿಯಲ್ಲಿ ಕಳೆದರೆ ಮಕ್ಕಳಿಗೆ ಯಾವ ಊರೂ ಚೆನ್ನಾಗಿರಲ್ಲ.

ಮನೆ ನೋಡಲು ಭಾನುವಾರ ಬರಬೇಡಿ, ಎಲ್ಲ ರಸ್ತೆಗಳೂ ಭಾನುವಾರ ಚೆನ್ನಾಗೇ ಕಾಣುತ್ತವೆ. ಮಂಗಳವಾರವೋ ಬುಧವಾರವೋ ಬನ್ನಿ, ಅತ್ತೆಯವರನ್ನು ಕರೆದುಕೊಂಡೇ ಬನ್ನಿ. ಮೂರೂ ಕಡೆ ಬೆಳಗ್ಗೆ ಏಳಕ್ಕೆ ಅವರ ಕೈಗೆ ನೂರು ರೂಪಾಯಿ ಕೊಟ್ಟು ಹಾಲು, ಕೊತ್ತಂಬರಿ ಸೊಪ್ಪು ತರಲು ಕಳಿಸಿ. ನೀವು ಹಿಂದೆ ಹೋಗಬೇಡಿ. ಅವರು ವಾಪಸ್ಸು ಬಂದು ಏನು ಹೇಳುತ್ತಾರೋ ಕೇಳಿಸಿಕೊಂಡು ಆಮೇಲೆ ಅಡ್ವಾನ್ಸ್ ಕೊಡಿ.