ಕಬಡ್ಡಿ ಬಿಟ್ಟಾಯಿತು, ಈಗ ಬೆಳಗ್ಗೆ ಐದಕ್ಕೆ ಎದ್ದು ಏನು ಮಾಡಲಿ?

ಪ್ರಶ್ನೆ: ನನಗೆ 28 ವರ್ಷ. ಕೋಲಾರ ತಾಲ್ಲೂಕಿನ ಹಳ್ಳಿಯವನು. ಹೈಸ್ಕೂಲಿನಿಂದ ಕಬಡ್ಡಿ ಆಡಿದವನು, ರೈಡರ್. ವಿಶ್ವವಿದ್ಯಾಲಯ ತಂಡದಲ್ಲಿದ್ದೆ, ರಾಜ್ಯ ಮಟ್ಟದ ಪದಕವೂ ಇದೆ. ಮಂಡಿಯ ಎಸಿಎಲ್ (ಮೂಳೆಗಳನ್ನು ಹಿಡಿದಿಡುವ ಒಳಗಿನ ಕಟ್ಟು) ಹರಿದು ಆಪರೇಷನ್ ಆಯಿತು. ಮತ್ತೆ ಆಡಿದೆ, ಮೊದಲಿನ ವೇಗ ಬರಲಿಲ್ಲ, ಹೋದ ವರ್ಷ ನಿಲ್ಲಿಸಿದೆ. ಈಗ ನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸ. 12 ಕೆಜಿ ದಪ್ಪ ಆಗಿದ್ದೇನೆ. ನಿದ್ದೆ ಇಲ್ಲ. ಹೆಂಡತಿ ಮೇಲೆ ಸುಮ್ನೆ ರೇಗುತ್ತೇನೆ. ಟಿವಿಯಲ್ಲಿ ಕಬಡ್ಡಿ ಬಂದರೆ ಚಾನೆಲ್ ಬದಲಾಯಿಸುತ್ತೇನೆ. ಊರಿನವರು ಕೋಚ್ ಆಗು ಅನ್ನುತ್ತಾರೆ. ಟೂರ್ನಿ ನಡೆಸುವವರು ‘ಒಂದೇ ಒಂದು ಮ್ಯಾಚ್ ಆಡಿಕೊಡು’ ಎಂದು ಬಿಡದೆ ಫೋನ್ ಮಾಡುತ್ತಾರೆ. ಏನು ಮಾಡಲಿ ಸರ್?

ಉತ್ತರ: ಕೋಚ್ ವಿಷಯ ಆಮೇಲೆ ನೋಡೋಣ. ಮೊದಲು ನಿದ್ದೆ, ತೂಕ, ಸಿಟ್ಟು. ಈ ಮೂರನ್ನೂ ನೀವು ಮನಸ್ಸಿನ ದೌರ್ಬಲ್ಯ ಅಂದುಕೊಂಡಿರುವ ಹಾಗಿದೆ, ಆದರೆ ಇದರಲ್ಲಿ ಮೈಯ ಪಾಲೂ ದೊಡ್ಡದು.

ಹತ್ತು ಹನ್ನೆರಡು ವರ್ಷ ದಿನಾ ಬೆವರು ಸುರಿಸಿದ ಮೈ ಅದು. ದಿಢೀರನೆ ನಿಲ್ಲಿಸಿಬಿಟ್ಟಿರಿ. ಎಷ್ಟೇ ಪಳಗಿದ ಆಟಗಾರನಿಗೂ ಪ್ರಾಕ್ಟೀಸ್ ಬಿಟ್ಟ ಎರಡರಿಂದ ನಾಲ್ಕು ವಾರದಲ್ಲೇ ದಮ್ಮು ಇಳಿಯಲು ಶುರುವಾಗುತ್ತದೆ. ವ್ಯಾಯಾಮಕ್ಕೆ ಒಗ್ಗಿದವರು ಒಮ್ಮೆಲೇ ಬಿಟ್ಟರೆ ನಿದ್ದೆ ಕೆಡುವುದು, ಕಾರಣವಿಲ್ಲದೆ ಕಿರಿಕಿರಿ, ಮಂಕು ಕವಿಯುವುದು, ಇವೆಲ್ಲ ಆಗುತ್ತವೆ. ಅದರ ಮೇಲೆ ನಿಮಗೆ ನೈಟ್ ಶಿಫ್ಟ್ ಬೇರೆ. ಆಟ ಬಿಟ್ಟವರು ವ್ಯಾಯಾಮವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು ಅಂತ ನಮ್ಮಲ್ಲಿ ಯಾರೂ ಹೇಳಿಕೊಡುವುದೇ ಇಲ್ಲ. ತಂಡಕ್ಕೆ ಸೇರಿಸಿಕೊಳ್ಳುವಾಗ ಇದ್ದ ಜನ ಬಿಡುವಾಗ ಯಾಕೋ ಇರುವುದಿಲ್ಲ.

ಊಟ ಮಾತ್ರ ಇನ್ನೂ ರೈಡರ್ ಊಟವೇ ಅಲ್ವಾ? ಮುದ್ದೆ ಬಿಡಬೇಡಿ, ಎರಡನೆಯ ಮುದ್ದೆ ಬಿಡಿ. ಅದರ ಮೇಲಿನ ಅನ್ನ ಅರ್ಧ ಮಾಡಿ. ಕಾಳಿನ ಬಸ್ಸಾರು, ಮೊಟ್ಟೆ ಇರಲಿ, ಸ್ನಾಯು ಉಳಿಯಬೇಕಲ್ಲ. ರಾತ್ರಿ ಪಾಳಿಯಲ್ಲಿ ಕ್ಯಾಂಟೀನಿನ ಬೋಂಡಾ, ಸಕ್ಕರೆ ಜಾಸ್ತಿ ಹಾಕಿದ ಟೀ ಎಷ್ಟು ಸಲ ಆಗುತ್ತದೆ ಅಂತ ಒಂದು ವಾರ ಬರೆದಿಡಿ, ನಿಮಗೇ ಗೊತ್ತಾಗುತ್ತದೆ.

ಮಂಡಿಯ ಮಾತು ಇನ್ನೂ ಮುಖ್ಯ. ಎಸಿಎಲ್ ಹರಿದ ಮಂಡಿಗೆ ಮುಂದೆ ಸವೆತ ಬರುವ ಸಾಧ್ಯತೆ ಜಾಸ್ತಿ, ಆಪರೇಷನ್ ಆಗಿದ್ದರೂ ಅಷ್ಟೇ. ದಪ್ಪಗಿದ್ದು ಮಂಡಿ ಸವೆದವರನ್ನು ಪರೀಕ್ಷಿಸಿದಾಗ, ಒಂದು ಕೆಜಿ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಹೊರೆ ಸುಮಾರು ನಾಲ್ಕು ಕೆಜಿಯಷ್ಟು ಕಡಿಮೆಯಾಗುವುದು ಕಂಡಿದೆ. ಹಾಗಾಗಿ ನಿಮ್ಮ 12 ಕೆಜಿ ಬರೀ ಹೊಟ್ಟೆಯ ವಿಷಯವಲ್ಲ. ಫಿಸಿಯೋ ಹೇಳಿಕೊಟ್ಟ ತೊಡೆಯ ವ್ಯಾಯಾಮ ಆಟದ ಜೊತೆಗೇ ನಿಂತುಹೋಗಿದ್ದರೆ ನಾಳೆಯಿಂದಲೇ ಮತ್ತೆ ಶುರು ಮಾಡಿ. ಸೈಕಲ್ ತುಳಿಯಿರಿ. ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತುವ ಆಸೆಯಿದ್ದರೆ ಹತ್ತಿ, ಆದರೆ ಇಳಿಯುವಾಗಲೇ ಮಂಡಿಗೆ ಹೊಡೆತ ಜಾಸ್ತಿ, ಆದ್ದರಿಂದ ಓಡಿಕೊಂಡು ಇಳಿಯಬೇಡಿ. ಸ್ನೇಹಿತರ ಜೊತೆ ಪೈಪೋಟಿಗೆ ಬಿದ್ದು ಇಳಿಯಬೇಡಿ, ನಿಮ್ಮ ಜಾತಿಯವರನ್ನು, ಅಂದರೆ ರೈಡರ್ ಜಾತಿಯವರನ್ನು, ನಾನು ಬಲ್ಲೆ!

ಇನ್ನು ಮನಸ್ಸು. ಗೆದ್ದು ಮೇಲೆ ಕೂತವರನ್ನೂ ಇದು ಬಿಟ್ಟಿಲ್ಲ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ಚಿನ್ನ ಗೆದ್ದ ಅಭಿನವ್ ಬಿಂದ್ರಾ, ಆ ಪದಕದ ನಂತರ ತಮ್ಮೊಳಗೆ ದೊಡ್ಡ ಖಾಲಿತನ ಬಂತು ಎಂದು ಬಹಿರಂಗವಾಗಿಯೇ ಹೇಳಿದ್ದಾರೆ. ಗಾಯದಿಂದ, ಇಷ್ಟವಿಲ್ಲದೆ ಆಟ ಬಿಟ್ಟವರಿಗೆ ಕಷ್ಟ ಇನ್ನೂ ಜಾಸ್ತಿ. ಇಷ್ಟು ವರ್ಷ ಯಾವಾಗ ಏಳಬೇಕು, ಏನು ತಿನ್ನಬೇಕು, ಇವತ್ತು ನೀವು ಚೆನ್ನಾಗಿದ್ದೀರಾ ಇಲ್ಲವಾ ಎಂಬುದನ್ನೆಲ್ಲ ಕೋಚ್ ಮತ್ತು ಸ್ಕೋರ್‌ಬೋರ್ಡ್ ಹೇಳುತ್ತಿದ್ದವು. ಫ್ಯಾಕ್ಟರಿಯಲ್ಲಿ ಎಂಟು ಗಂಟೆ ಸರಿಯಾಗಿ ಕೆಲಸ ಮಾಡಿದರೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಇದಕ್ಕೆ ಒಗ್ಗಲು ಸಮಯ ಬೇಕು. ಸದ್ಯಕ್ಕೆ ಚಾನೆಲ್ ಬದಲಾಯಿಸಿ, ತಪ್ಪೇನಿಲ್ಲ. ಆದರೆ ಯಾಕೆ ಬದಲಾಯಿಸುತ್ತೀರಿ ಅಂತ ಪಕ್ಕದಲ್ಲಿ ಕೂತ ಹೆಂಡತಿಗೆ ಹೇಳಿದ್ದೀರಾ? ಅವರಿಗೆ ಕಾಣುವುದು ನಿಮ್ಮ ಸಿಟ್ಟು ಮಾತ್ರ. ಮಂಕು ಎರಡು ವಾರ ಬಿಡದೆ ಕಾಡಿದರೆ, ಕುಡಿತ ಜಾಸ್ತಿಯಾದರೆ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.

ಕೋಚ್ ಆಗಬೇಕಾ? ಊರಿನವರು ಹೇಳಿದರು ಅಂತ ಆಗಬೇಡಿ, ಕೆಲಸವನ್ನಂತೂ ಈಗಲೇ ಬಿಡಬೇಡಿ. ಚೆನ್ನಾಗಿ ರೈಡ್ ಮಾಡುವವನಿಗೆ ತಾನು ಹೇಗೆ ಮಾಡಿದೆ ಅಂತ ಹೇಳಲು ಎಷ್ಟೋ ಸಲ ಬರುವುದಿಲ್ಲ, ಕಲಿಸುವುದು ಬೇರೆಯದೇ ಕಸುಬು. ವಾರದ ರಜೆ ದಿನ ನೀವು ಓದಿದ ಹೈಸ್ಕೂಲಿನ ಮಕ್ಕಳ ಜೊತೆ ಕೆಲವು ತಿಂಗಳು ನಿಂತು ನೋಡಿ. ಕಾಲು ಹೇಗಿಡಬೇಕು ಅಂತ ಒಬ್ಬ ಹುಡುಗನಿಗೆ ಹತ್ತು ಸಲ ಹೇಳಿದ ಮೇಲೂ ಹನ್ನೊಂದನೆಯ ಸಲ ಹೇಳುವ ತಾಳ್ಮೆ ಉಳಿದರೆ ಮುಂದೆ ಹೋಗಿ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಅದೇ ಎನ್‌ಐಎಸ್, ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಮಾಡಿಸುತ್ತದೆ, ಡಿಪ್ಲೊಮಾ ಆಮೇಲೆ. ಪಿಟಿ ಮೇಷ್ಟ್ರಾಗಬೇಕಾದರೆ ಡಿಗ್ರಿ ಮೇಲೆ ಎರಡು ವರ್ಷದ ಬಿ.ಪಿ.ಎಡ್. ಬೇಕು. ನಮ್ಮ ಬಿ.ಸಿ. ರಮೇಶ್ ಆಟ ಬಿಟ್ಟು ಕೋಚ್ ಆದವರೇ, 2024ರಲ್ಲಿ ಪುಣೇರಿ ಪಲ್ಟನ್ ಪ್ರೊ ಕಬಡ್ಡಿ ಗೆದ್ದಾಗ ಅದಕ್ಕೆ ಅವರೇ ಕೋಚ್ ಆಗಿದ್ದರು. ಆದರೆ ಅಂಥವರು ಕೈಬೆರಳೆಣಿಕೆ.

ಕೇಂದ್ರ ಕ್ರೀಡಾ ಸಚಿವಾಲಯ 2024ರ ಆಗಸ್ಟಿನಲ್ಲಿ ‘ರೀಸೆಟ್’ ಎಂಬ ಯೋಜನೆ ತಂದಿದೆ, ಆಟ ಬಿಟ್ಟ 20ರಿಂದ 50 ವರ್ಷದವರಿಗೆ ಬೇರೆ ಕೆಲಸಗಳ ತರಬೇತಿ ಕೊಡಲು. ಪಿಯುಸಿ ಮುಗಿಸಿದವರಿಗೆ ಒಂದು ಹಂತ, ಮುಗಿಸದವರಿಗೆ ಇನ್ನೊಂದು. ಮಾನ್ಯತೆ ಇರುವ ಸ್ಪರ್ಧೆಯ ರಾಜ್ಯ ಪದಕ ಇದ್ದರೂ ಅರ್ಜಿ ಹಾಕಬಹುದು, ವಿಚಾರಿಸಿ. ಸ್ಪೋರ್ಟ್ಸ್ ಕೋಟಾ ನಂಬಿ ಕೂರಬೇಡಿ, ರೈಲ್ವೆಯಲ್ಲಿ ಸಾಮಾನ್ಯವಾಗಿ 25ಕ್ಕೇ ವಯಸ್ಸು ಮುಗಿಯುತ್ತದೆ. ‘ಮೇಲಿನವರು ಗೊತ್ತು’ ಎಂದು ದುಡ್ಡು ಕೇಳುವವರನ್ನು ಬಾಗಿಲಲ್ಲೇ ಕಳಿಸಿ. ಎಲ್ಲಕ್ಕಿಂತ ಮೊದಲು ಸರ್ಟಿಫಿಕೇಟುಗಳನ್ನು ತೆಗೆದು ನೋಡಿ: ಹೆಸರು, ಇನಿಶಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೇ ಇವೆಯಾ? ಇಲ್ಲದಿದ್ದರೆ ಸಹಿ ಹಾಕಿದ ಪದಾಧಿಕಾರಿಗಳು ಹುದ್ದೆಯಲ್ಲಿ ಇರುವಾಗಲೇ ಸರಿಪಡಿಸಿಕೊಳ್ಳಿ.

ಕೊನೆಗೆ ಆ ‘ಒಂದೇ ಮ್ಯಾಚ್’. ಬೇಡ. ಶಿಫ್ಟ್ ಮುಗಿಸಿ, ವಾರ್ಮಪ್ ಇಲ್ಲದೆ, ಹೊನಲು ಬೆಳಕಿನ ಟೂರ್ನಿಯಲ್ಲಿ ರಾತ್ರಿ ಒಂದು ಗಂಟೆಗೆ ಅಂಕಣಕ್ಕಿಳಿದು ಆ ಮಂಡಿಯ ಮೇಲೆ ಗಕ್ಕನೆ ತಿರುಗಿದರೆ ಮತ್ತೆ ಆಪರೇಷನ್ ಟೇಬಲ್ಲೇ ಗತಿ. ಕರೆದವರಿಗೆ ‘ಅಂಪೈರ್ ಆಗಿ ಬರುತ್ತೇನೆ, ಇಲ್ಲಾ ಸ್ಕೋರ್ ಬರೆಯುತ್ತೇನೆ’ ಅನ್ನಿ. ಒಪ್ಪದೆ ಪಾಂಪ್ಲೆಟ್‌ನಲ್ಲಿ ನಿಮ್ಮ ಹೆಸರು ಹಾಕಿಬಿಟ್ಟಿದ್ದರೆ, ಪ್ಯಾಂಟು ಶರ್ಟಿನಲ್ಲಿ ಹೋಗಿ, ಶಾಲು ಹಾರ ಹಾಕಿಸಿಕೊಂಡು ಬನ್ನಿ. ಶಾರ್ಟ್ಸ್ ಮನೆಯಲ್ಲೇ ಇರಲಿ.