ರಾಬರ್ಟ್‌ಸನ್‌ಪೇಟೆಯೊಳಗಿನ ರಾಬರ್ಟ್

ಪ್ರಶ್ನೆ: ಕೆಜಿಎಫ್ ಕಡೆಗೆ ಹೋಗುವ ಬಸ್ಸುಗಳ ಬೋರ್ಡಿನಲ್ಲಿ ‘ರಾಬರ್ಟ್‌ಸನ್‌ಪೇಟೆ’ ಎಂಬುದನ್ನು ಚಿಕ್ಕಂದಿನಿಂದ ಓದುತ್ತಾ ಬಂದಿದ್ದೇನೆ. ರಾಬರ್ಟ್ ಎಂಬ ಹೆಸರಿಗೆ ಅರ್ಥವಿದೆಯೇ? ರಾಬರ್ಟ್ ಎಂಬುವರನ್ನು ಬಾಬ್ ಎಂದು ಕರೆಯುವುದೇಕೆ?
– ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್, ಎಂದರೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಅವರಿಂದ ನಿಮ್ಮ ಪಕ್ಕದ ಊರಿಗೆ ಆ ಹೆಸರು ಬಂದಿತು. ‘ಸನ್’ ಎಂದರೆ ಮಗ. ಆದ್ದರಿಂದ ಅದು ರಾಬರ್ಟನ ಮಗ ಎಂಬ ಅರ್ಥದ ಮನೆತನದ ಹೆಸರು.

ರಾಬರ್ಟ್ ಮೂಲತಃ ಹಳೆಯ ಜರ್ಮಾನಿಕ್ ಭಾಷೆಗಳ ಜೋಡುಪದ. ಅದರ ಮೊದಲ ಭಾಗಕ್ಕೆ ಕೀರ್ತಿ ಎಂದೂ ಎರಡನೆಯ ಭಾಗಕ್ಕೆ ಪ್ರಕಾಶ ಎಂದೂ ಅರ್ಥ. ಆಲ್ಬರ್ಟ್, ಹರ್ಬರ್ಟ್, ಗಿಲ್ಬರ್ಟ್ ಹೆಸರುಗಳ ಕೊನೆಯಲ್ಲಿರುವುದೂ ಇದೇ ಪ್ರಕಾಶವೇ. ಇಂಗ್ಲಿಷಿನ ‘ಬ್ರೈಟ್’ ಕೂಡ ಅದೇ ಬೇರಿನದು. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಮನ ತಂದೆ ನಾರ್ಮಂಡಿಯ ಡ್ಯೂಕ್ ರಾಬರ್ಟ್. ಆ ನಾರ್ಮನ್ನರ ಜೊತೆಯಲ್ಲೇ ಈ ಹೆಸರು ಇಂಗ್ಲೆಂಡಿನಲ್ಲಿ ಮನೆಮಾತಾಯಿತು.

ನಮ್ಮಲ್ಲಿ ಶ್ರೀನಿವಾಸ ಸೀನನಾಗಿ, ಕೃಷ್ಣ ಕಿಟ್ಟಿಯಾಗುವಂತೆ ಅಲ್ಲಿಯೂ ರಾಬರ್ಟ್ ಮೊದಲು ರಾಬ್ ಆದನು. ಬಳಿಕ ಪ್ರಾಸಕ್ಕೆ ತಕ್ಕಂತೆ ಮೊದಲಕ್ಷರ ಬದಲಾಗಿ ಹಾಬ್, ಡಾಬ್, ಬಾಬ್ ಎಂಬ ರೂಪಗಳು ಹುಟ್ಟಿದವು. ಹಾಬ್ಸನ್, ಡಾಬ್ಸನ್ ಮನೆತನಗಳ ಹೆಸರಿನಲ್ಲಿ ಅಡಗಿರುವವನೂ ರಾಬರ್ಟನೇ.

1314ರಲ್ಲಿ ಬ್ಯಾನಕ್‌ಬರ್ನ್ ಕದನವನ್ನು ಗೆದ್ದ ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್, ಕವಿ ರಾಬರ್ಟ್ ಬರ್ನ್ಸ್, 1882ರಲ್ಲಿ ಕ್ಷಯರೋಗದ ಜೀವಾಣುವನ್ನು ತೋರಿಸಿಕೊಟ್ಟ ಜರ್ಮನಿಯ ವೈದ್ಯ ರಾಬರ್ಟ್ ಕಾಕ್ ಈ ಹೆಸರಿನ ಪ್ರಸಿದ್ಧರು. ಪ್ಲಾಸಿಯ ರಾಬರ್ಟ್ ಕ್ಲೈವ್ ನಮ್ಮ ಪಠ್ಯಪುಸ್ತಕಗಳಿಂದ ಎಲ್ಲರಿಗೂ ಗೊತ್ತು. ಆದರೆ ಕೋಲಾರದವರು ಇವರೆಲ್ಲರಿಗಿಂತ ಮೊದಲು ನೆನೆಯಬೇಕಾದವರು, ಆ ಸ್ಕಾಟಿಷ್ ರಾಜನ ಹೆಸರನ್ನೇ ಹೊತ್ತಿದ್ದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಎಂಬುದು ನನ್ನ ದೃಢವಾದ ಅಭಿಪ್ರಾಯ. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ, ಮನುಷ್ಯ ಕೈಯಾರೆ ಚಕ್ಕೆ ಎಬ್ಬಿಸಿ ಹರಿತಗೊಳಿಸಿದ್ದ ಕಲ್ಲಿನ ಕೊಡಲಿಯೊಂದನ್ನು ಅವರು ಗುರುತಿಸಿದಾಗ, ಭಾರತದ ಹಳೆಯ ಶಿಲಾಯುಗಕ್ಕೆ ಮೊದಲ ಸಾಕ್ಷ್ಯ ದೊರೆಯಿತು. ದಕ್ಷಿಣ ಭಾರತದ ಚಿನ್ನವನ್ನು ಒಡಲಲ್ಲಿಟ್ಟುಕೊಂಡ ಪುರಾತನ ಶಿಲಾಸಮೂಹಕ್ಕೆ ‘ಧಾರವಾಡ’ ಎಂಬ ಹೆಸರು ಕೊಟ್ಟವರೂ ಅವರೇ. ರಾಬರ್ಟ್‌ಸನ್‌ಪೇಟೆಯವರು ತಲೆಮಾರುಗಳ ಕಾಲ ಗಣಿಗಿಳಿದು ಕೊರೆದದ್ದು ಆ ಸಮೂಹಕ್ಕೆ ಸೇರಿದ ಬಂಡೆಗಳನ್ನೇ.